ಸುಂದರಬನದ ಕಂದಾಯ ಗೆರೆ

ಪಶ್ಚಿಮ ಬಂಗಾಳದ ಕಾಕ್‌ದ್ವೀಪದ ಬಳಿ ಗಂಗಾಸಾಗರದ ಯಾತ್ರಿಕರು ದೋಣಿ ಹತ್ತುವ ಘಾಟಿಗೆ ‘ಲಾಟ್ ನಂಬರ್ 8’ ಎಂಬ ಹೆಸರಿದೆ. ಊರಿಗೂ ದೇವರಿಗೂ ಸಂಬಂಧವಿಲ್ಲದ ಈ ಹೆಸರು, ಸುಂದರಬನದ ಕಾಡು ಕಡಿದು ಗದ್ದೆ ಮಾಡಲೆಂದು ಕಂಪನಿ ಸರ್ಕಾರ ನೆಲವನ್ನು ತುಂಡುತುಂಡಾಗಿ ವಿಂಗಡಿಸಿದ ಕಾಲದ್ದು.

ಮೊದಲ ನಕ್ಷೆಗಳಿಗೆ ಬೇಸಾಯದ ಗೊಡವೆ ಇರಲಿಲ್ಲ. 1764ರಲ್ಲಿ ಕಂಪನಿಯ ಸರ್ವೇಯರ್ ಜೇಮ್ಸ್ ರೆನೆಲ್‌ಗೆ ವಹಿಸಿದ ಕೆಲಸವೆಂದರೆ, ಬೇಸಗೆಯಲ್ಲಿ ನೀರು ಇಳಿದಾಗಲೂ ದೊಡ್ಡ ದೋಣಿಗಳು ಗಂಗೆಗೂ ಕಲ್ಕತ್ತೆಗೂ ನಡುವೆ ಓಡಾಡಬಲ್ಲ ಜಲಮಾರ್ಗವನ್ನು ಹುಡುಕುವುದು. ಹಾಗಾಗಿ ಅವನ ಕಣ್ಣು ಇದ್ದದ್ದು ಹೊಳೆಗಳ ಮೇಲೆ. ಅವುಗಳ ನಡುವಿನ ನೆಲ ಯಾರದೆಂಬುದು ಆಗಿನ್ನೂ ಯಾರಿಗೂ ತುರ್ತಿನ ಪ್ರಶ್ನೆಯಾಗಿರಲಿಲ್ಲ.

1780ರ ದಶಕದಲ್ಲಿ ಜೆಸ್ಸೋರಿನ ಅಧಿಕಾರಿ ಟಿಲ್‌ಮನ್ ಹೆಂಕೆಲ್ ಕಾಡನ್ನು ಗುತ್ತಿಗೆಗೆ ಕೊಡತೊಡಗಿದಾಗ ಆ ಪ್ರಶ್ನೆ ಎದ್ದಿತು. ಜಮೀನ್ದಾರರು ಗದ್ದೆಯ ಅಂಚನ್ನು ದಕ್ಷಿಣಕ್ಕೆ ಒತ್ತುತ್ತಲೇ ಹೋದರು. ಕಾಡು ಸರ್ಕಾರದ ಸ್ವತ್ತೆಂದು 1828ರ ಕಾಯಿದೆ ಸಾರಿತು. ಆದರೆ ಕಾಡು ಎಲ್ಲಿಂದ ಶುರುವಾಗುತ್ತದೆಂದು ಗೊತ್ತಿಲ್ಲದೆ ಕಾಯಿದೆಯಿಂದ ಪ್ರಯೋಜನವೇನು? ಅದಕ್ಕೂ ಮೊದಲೇ ಸರ್ವೇಯರ್ ಪ್ರಿನ್ಸೆಪ್ ಅಳೆದಿದ್ದ ಗೆರೆಯನ್ನು ಆಧರಿಸಿ, 1829–30ರಲ್ಲಿ ಸುಂದರಬನದ ಕಮಿಷನರ್ ಡ್ಯಾಂಪಿಯರ್ ಮತ್ತು ಸರ್ವೇಯರ್ ಹಾಜಸ್ ಕಾಡಿನ ಉತ್ತರದ ಎಲ್ಲೆಯನ್ನು ನಿಗದಿಪಡಿಸಿದರು. ಅದರಾಚೆಯ ಕಾಡು ನಂಬರು ಹೊತ್ತ 236 ಲಾಟ್‌ಗಳಾಯಿತು. ಭಾರತದ ಪಾಲಿನ ಸುಂದರಬನ ಪ್ರದೇಶದ ಉತ್ತರದ ಎಲ್ಲೆಯಾಗಿ ಇಂದಿಗೂ ಹೆಸರಿಸುವುದು ಅದೇ ಗೆರೆಯನ್ನು, ಅಲ್ಲೀಗ ಕಾಡಿನ ಸುಳಿವಿಲ್ಲದಿದ್ದರೂ.

ಉದ್ದಗಲವನ್ನು ಅಷ್ಟು ಶ್ರದ್ಧೆಯಿಂದ ಅಳೆದವರು ಎತ್ತರವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಆ ನಕ್ಷೆಗಳ ದೊಡ್ಡ ಕೊರತೆ ಇದೇ. ಮುಖಜಭೂಮಿಯ ದ್ವೀಪ ಬೆಳೆಯುವುದು ದಿನಕ್ಕೆರಡು ಬಾರಿ ಉಬ್ಬರದ ನೀರು ಅದರ ಮೇಲೆ ಹರಡಿ ಹೂಳು ಬಿಟ್ಟುಹೋಗುವುದರಿಂದ. ಲಾಟ್ ಹಿಡಿದವರು ಮೊದಲು ಮಾಡಿದ್ದೇ ಉಪ್ಪುನೀರನ್ನು ತಡೆಯಲು ಸುತ್ತ ಮಣ್ಣಿನ ಒಡ್ಡು ಹಾಕಿಸಿದ್ದು. ಉಪ್ಪಿನ ಜೊತೆಗೆ ಹೂಳೂ ಹೊರಗುಳಿಯಿತು. ಒಳಗಿನ ಮಣ್ಣು ಒಣಗಿ ಕುಗ್ಗಿತು. ದ್ವೀಪದ ಮೇಲೆ ಹರಡಬೇಕಿದ್ದ ಹೂಳು ಹೊಳೆಯ ತಳದಲ್ಲೇ ನಿಂತು ಪಾತ್ರವನ್ನು ಮೇಲೆತ್ತಿತು. ಇನ್ನೂ ಬೆಳೆದು ಮುಗಿಯದ ನೆಲವನ್ನು ನಕ್ಷೆ ಸಿದ್ಧವಾದ ನೆಲವೆಂದೇ ಹಂಚಿತ್ತು. ಎಷ್ಟೋ ಗದ್ದೆಗಳು ಇಂದು ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತಕ್ಕೆ ಒಡ್ಡುಗಳು ಒಡೆದಾಗ ಉಪ್ಪುನೀರು ನುಗ್ಗಿದ್ದು ಇಂಥ ಗದ್ದೆಗಳಿಗೇ.