ಸೋಮವಾರ ರಾತ್ರಿಯ ರೈಲು, ಮಂಗಳವಾರದ ಟಿಕೆಟ್

ವಂದೇ ಭಾರತ್‌ನಲ್ಲಿ ಹಗಲು ಹೊತ್ತು ಬೆಂಗಳೂರಿಗೋ ಧಾರವಾಡಕ್ಕೋ ಹೋಗಿಬರುವವರು ಇದನ್ನು ಓದದಿದ್ದರೂ ನಡೆಯುತ್ತದೆ. ಇದು ರಾತ್ರಿ ಊಟ ಮುಗಿಸಿ, ಚೀಲ ಹಿಡಿದು ದಾವಣಗೆರೆ ಸ್ಟೇಷನ್ನಿಗೆ ಬರುವವರಿಗೆ. ಅದರಲ್ಲೂ ಹನ್ನೆರಡು ಹೊಡೆದ ಮೇಲೆ ಬರುವ ರೈಲಿಗೆ ಕಾಯುವವರಿಗೆ.

ಟಿಕೆಟ್ ಬುಕಿಂಗ್ ಕಸುಬಿನಲ್ಲಿ ತಲೆಬಿಸಿಗೆ ಬರವಿಲ್ಲ. ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗದಿದ್ದರೆ ನನಗೆ ಬೈಗುಳ, ಅಜ್ಜಿಗೆ ಲೋಯರ್ ಬರ್ತ್ ಸಿಗದಿದ್ದರೂ ನನಗೇ. ಅವನ್ನೆಲ್ಲ ಹೇಗೋ ನುಂಗಿಕೊಳ್ಳಬಹುದು. ಆದರೆ ದಿನಾಂಕದ ಈ ಒಂದು ಎಡವಟ್ಟು ಮಾತ್ರ ಎಷ್ಟು ಹೇಳಿದರೂ ನಿಂತಿಲ್ಲ.

ಒಂದು ರೈಲು ನಮ್ಮೂರಿಗೆ 00:40ಕ್ಕೆ ಬರುತ್ತದೆ ಅಂದುಕೊಳ್ಳಿ. ನೀವು ಸೋಮವಾರ ರಾತ್ರಿ ಹೊರಡಬೇಕು. ಟಿಕೆಟ್ ಯಾವ ದಿನದ್ದಿರಬೇಕು? ಮಂಗಳವಾರದ್ದು. ಸೋಮವಾರದ ಟಿಕೆಟ್ ತೆಗೆಸಿದರೆ ನಿಮ್ಮ ರೈಲು ಭಾನುವಾರ ರಾತ್ರಿ, ನೀವು ಮನೆಯಲ್ಲಿ ಮಲಗಿದ್ದಾಗಲೇ ಹೋಗಿರುತ್ತದೆ. ಇಷ್ಟೇ ವಿಷಯ. ಇದನ್ನು ಓದಿ ‘ಗೊತ್ತಿರೋದೇ ಬಿಡಿ’ ಅಂದವರೇ ನಾಳೆ ನನ್ನ ಅಂಗಡಿಗೆ ಬಂದು “ಸೋಮವಾರ ರಾತ್ರಿದು ಮಾಡ್ರಿ” ಅನ್ನುತ್ತಾರೆ.

ಜನರನ್ನೂ ಪೂರ್ತಿ ದೂರುವಂತಿಲ್ಲ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ರಾತ್ರಿ ಒಂದು ಗಂಟೆಗೆ ಎದ್ದು ನೀರು ಕುಡಿದವನಿಗೆ ಅದು ಇನ್ನೂ ‘ಇವತ್ತು ರಾತ್ರಿ’ಯೇ. ರೈಲ್ವೆಗೆ ಹಾಗಲ್ಲ. ಗಡಿಯಾರ 23:59 ದಾಟಿತೋ, ದಿನ ಮುಗಿಯಿತು. ಹಾಗಾಗಿ ನಾನು ‘ಯಾವ ತಾರೀಕು?’ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. “ಯಾವ ವಾರ ರಾತ್ರಿ ಊಟ ಮಾಡ್ಕೊಂಡು ಮನೆ ಬಿಡ್ತೀರಿ?” ಎಂದು ಕೇಳುತ್ತೇನೆ. ಮಿಕ್ಕ ಲೆಕ್ಕ ನನ್ನದು. ಟಿಕೆಟ್ ಪ್ರಿಂಟಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಸೋಮವಾರ ಊಟ ಮಾಡಿ ಹೊರಡುವುದು’ ಎಂದೂ ಬರೆದುಕೊಡುತ್ತೇನೆ. ಕೆಲವರು ಅದನ್ನೂ ನೋಡಿ “ಟಿಕೆಟ್‌ನಲ್ಲಿ ಮಂಗಳವಾರ ಐತಲ್ರೀ, ತಪ್ಪಾತಲ್ಲ!” ಎಂದು ವಾಪಸ್ ಬರುವುದುಂಟು. ಬಂದು ಕೇಳುವವರು ಎಷ್ಟೋ ವಾಸಿ.

ಮಂಡಿಪೇಟೆಯ ಹಿರಿಯರೊಬ್ಬರು ಮೊಮ್ಮಗಳ ನಾಮಕರಣಕ್ಕೆಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬೆಂಗಳೂರಿಗೆ ಹೊರಟಿದ್ದರು. ಟಿಕೆಟ್ ಮಗನೇ ಮೊಬೈಲಿನಲ್ಲಿ ಮಾಡಿದ್ದು. ಮಂಡಕ್ಕಿ ಡಬ್ಬಿ, ತೊಟ್ಟಿಲಿನ ಸಾಮಾನು ಎಲ್ಲ ಏರಿಸಿ ನೋಡಿದರೆ ಬರ್ತ್‌ಗಳಲ್ಲಿ ಬೇರೆ ಯಾರೋ ಹೊದ್ದು ಮಲಗಿದ್ದಾರೆ. ಎಬ್ಬಿಸಿ ಜಗಳ ಶುರುವಾಯಿತು. ಟಿಸಿ ಬಂದು ಟಿಕೆಟ್ ನೋಡಿ, “ಯಜಮಾನ್ರೇ, ಇದು ನಿನ್ನೆ ರಾತ್ರಿದು” ಅಂದರಂತೆ. “ನಿನ್ನೆದು ಹೆಂಗಾಗುತ್ರೀ? ಇವತ್ತು ಸೋಮವಾರ ಅಲ್ಲೇನು?” “ಸೋಮವಾರ ಮುಗಿದು ಮುಕ್ಕಾಲು ಗಂಟೆ ಆತು, ಯಜಮಾನ್ರೇ.”

ಅಂಥ ಹೊತ್ತಿನಲ್ಲಿ ಕೈಯಲ್ಲಿರುವ ಟಿಕೆಟ್ ಬರೀ ಕಾಗದ. ನಿಯಮದ ಪ್ರಕಾರ ಟಿಕೆಟ್ ಇಲ್ಲದವರ ಲೆಕ್ಕವೇ: ಪ್ರಯಾಣ ದರದ ಜೊತೆಗೆ ತಲಾ ಕನಿಷ್ಠ 250 ರೂಪಾಯಿ ದಂಡ. ರೈಲು ಹೋಗಿಬಿಟ್ಟ ಮೇಲೆ ‘ದಿನಾಂಕ ತಪ್ಪಾಗಿ ನೋಡಿದೆ’ ಎಂಬ ಕಾರಣಕ್ಕೆ ಹಳೆಯ ಟಿಕೆಟ್ಟಿನ ಹಣವೂ ಬರುವುದಿಲ್ಲ. ಆ ಹಿರಿಯರು ನಾಮಕರಣ ಮುಗಿಸಿ ಬಂದು ನನಗೆ ಲಾಡು ಕೊಟ್ಟುಹೋದರು. ತಪ್ಪು ಟಿಸಿಯದ್ದೇ ಎಂದು ಅವರು ಈಗಲೂ ಸಾಧಿಸುತ್ತಾರೆ. ನಾನೂ ಎದುರಾಡುವುದಿಲ್ಲ.

ಇನ್ನು ತತ್ಕಾಲ್, ಅಂದರೆ ಕೊನೆ ಗಳಿಗೆಯ ಬುಕಿಂಗ್. ಇಲ್ಲಿ ಲೆಕ್ಕ ಇನ್ನೊಂದು ಸುತ್ತು ತಿರುಗುತ್ತದೆ, ಜಾಣರೂ ಬೀಳುತ್ತಾರೆ. ತತ್ಕಾಲ್ ಒಂದು ದಿನ ಮೊದಲು ತೆರೆಯುತ್ತದೆ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಇದು ಎಲ್ಲರಿಗೂ ಗೊತ್ತು. ಆದರೆ ಯಾವ ದಿನಕ್ಕೆ ಮೊದಲು? ನೀವು ಹತ್ತುವ ದಿನಕ್ಕಲ್ಲ, ರೈಲು ತನ್ನ ಮೂಲ ಊರು ಬಿಡುವ ದಿನಕ್ಕೆ. ಉತ್ತರದ ಕಡೆಯಿಂದ ಸೋಮವಾರ ಮಧ್ಯಾಹ್ನ ಹೊರಟ ರೈಲು ನಮ್ಮೂರಿಗೆ ಬರುವಷ್ಟರಲ್ಲಿ ಮಂಗಳವಾರ ಆಗಿರುತ್ತದೆ. ಟಿಕೆಟ್ ಮಂಗಳವಾರದ್ದು, ಆದರೆ ಅದರ ತತ್ಕಾಲ್ ತೆರೆಯುವುದು ಭಾನುವಾರ. ‘ಮಂಗಳವಾರದ ಟಿಕೆಟ್ ತಾನೇ’ ಎಂದು ಸೋಮವಾರ ಬೆಳಿಗ್ಗೆ ಬಂದು ನಿಲ್ಲುವ ಹೊತ್ತಿಗೆ ಸೀಟೆಲ್ಲ ಖಾಲಿಯಾಗಿ ಒಂದು ಹಗಲು, ಒಂದು ರಾತ್ರಿ ಕಳೆದಿರುತ್ತದೆ. 60 ದಿನದ ಮುಂಗಡ ಬುಕಿಂಗಿಗೂ ಇದೇ ಲೆಕ್ಕ. ಚಾರ್ಟ್ (ಯಾರಿಗೆ ಯಾವ ಬರ್ತ್ ಎಂಬ ಕೊನೆಯ ಪಟ್ಟಿ) ಕೂಡ ಸಾಮಾನ್ಯವಾಗಿ ರೈಲು ಮೂಲ ಊರು ಬಿಡುವ ಹೊತ್ತಿನ ಲೆಕ್ಕಕ್ಕೇ ಸಿದ್ಧವಾಗುತ್ತದೆ, ಅದಾದ ಮೇಲೆ ಕ್ಯಾನ್ಸಲ್ ಮಾಡಿದರೆ ಹಣ ವಾಪಸ್ ಬರುವುದು ಕಷ್ಟ. ಹಾಗಾಗಿ ‘ರೈಲು ಬರೋದು ಮಧ್ಯರಾತ್ರಿ, ಸಂಜೆ ಕ್ಯಾನ್ಸಲ್ ಮಾಡಿದರಾಯ್ತು’ ಎಂದು ಕೂತವರಿಗೆ ಹಣ ಹೋಗುವ ಸಂಭವವೇ ಹೆಚ್ಚು.

ಅಂದಹಾಗೆ, ಜುಲೈ 2025ರಿಂದ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ನಮ್ಮಂಥ ಏಜೆಂಟರು ಬುಕ್ ಮಾಡುವಂತಿಲ್ಲ. 10:02ಕ್ಕೆ ಫೋನ್ ಮಾಡಿ “ಏನಾತು, ಸಿಕ್ತಾ?” ಎಂದು ಕೇಳಬೇಡಿ. ಆಧಾರ್ ಜೋಡಿಸಿದ ಖಾತೆಯಿಂದ ನೀವೇ ಪ್ರಯತ್ನಿಸುವುದು ಮೇಲು. ನನ್ನ ವ್ಯಾಪಾರಕ್ಕೆ ಕಲ್ಲು ಬಿದ್ದರೂ ಸತ್ಯ ಹೇಳಬೇಕಲ್ಲ.

ರೈಲು ಎಲ್ಲಿದೆ ಎಂದು ತೋರಿಸುವ ಆ್ಯಪ್‌ಗಳದ್ದೂ ಇದೇ ಕಥೆ. ಅವು ಕೇಳುವುದು ರೈಲು ಹೊರಟ ದಿನವನ್ನು. ಅಲ್ಲಿ ಟಿಕೆಟ್ಟಿನ ತಾರೀಕು ಒತ್ತಿದರೆ ‘ರೈಲು ಇನ್ನೂ ಹೊರಟಿಲ್ಲ’ ಎಂದು ಬರುತ್ತದೆ. ಅದನ್ನು ನಂಬಿ ಮನೆಯಲ್ಲೇ ಆರಾಮಾಗಿ ಕೂತವರೂ ಇದ್ದಾರೆ.

ಇದನ್ನೆಲ್ಲ ಓದಿ ಉಲ್ಟಾ ಹೆದರುವವರಿಗೂ ಒಂದು ಮಾತು. ನಿಮ್ಮ ರೈಲು 23:40ರದ್ದಿದ್ದು, ಎರಡು ಗಂಟೆ ತಡವಾಗಿ ಬಂದರೆ ತಾರೀಕು ಬದಲಾಯಿತೆಂದು ಟಿಕೆಟ್ ಸಾಯುವುದಿಲ್ಲ. ಟಿಕೆಟ್ ಅಂಟಿಕೊಂಡಿರುವುದು ಆ ರೈಲಿಗೆ. ಅದು ಯಾವಾಗ ಬಂದರೂ ನಿಮ್ಮ ಬರ್ತ್ ನಿಮ್ಮದೇ. ಇನ್ನು, ನಾನು ಮೇಲೆ ಹೇಳಿದ 00:40 ಬರೀ ಉದಾಹರಣೆ. ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ, ಮಧ್ಯರಾತ್ರಿಯ ಆಚೀಚೆ ಹತ್ತು ನಿಮಿಷ ಸರಿದರೆ ಟಿಕೆಟ್ಟಿನ ತಾರೀಕೇ ಬೇರೆಯಾಗುತ್ತದೆ. ಬುಕ್ ಮಾಡುವ ಮುಂಚೆ ದಾವಣಗೆರೆಯ ಸಮಯವನ್ನು ರೈಲ್ವೆ ವಿಚಾರಣೆಯ 139ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ, ಹೋದ ಸಲದ ಹಳೆಯ ಟಿಕೆಟ್ ನೋಡಿಕೊಂಡು ಹೊರಡಬೇಡಿ.