ರೊಟ್ಟಿ ಡಬ್ಬಿ 700 ಗ್ರಾಂ, ಕೊರಿಯರ್ ಬಿಲ್ 3 ಕೆಜಿ: ಮನಿಯಿಂದ ಆನ್‌ಲೈನ್ ಮಾರಾಕ ಕಲಿಯೋರಿಗೆ ನನ್ನ ಟಿಪ್ಪಣಿ

ನಾವಿರೋದು ರಾಯಚೂರಿನಾಗ. ಅತ್ತಿಯವ್ರು ಖಡಕ್ ಜೋಳದ ರೊಟ್ಟಿ ಬಡೀತಾರ, ನಾನು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದ್ರ ಚಟ್ನಿಪುಡಿ) ಕುಟ್ತೀನಿ, ಈಗ ಎರಡನ್ನೂ ಆನ್‌ಲೈನ್ ಮಾರಾಕತ್ತೀವಿ. ಫೋಟೋ ತೆಗಿಯೋದು, ವಾಟ್ಸಾಪ್ ಬಿಸಿನೆಸ್‌ನಾಗ ಕ್ಯಾಟಲಾಗ್ ಹಾಕೋದು, ಯುಪಿಐ ಇವೆಲ್ಲಾ ನಿಮಗ ಬರ್ತೈತಿ ಅನ್ಕೊಂಡು ಬಿಟ್ಟೀನಿ. ನನಗ ತಲಿಗೆ ಹತ್ತದ ಕಡೀಗೆ ರೊಕ್ಕಾನೂ ಹೋದದ್ದು ಕೊರಿಯರ್ ತೂಕದಾಗ, ಅದನ್ನ ಮರೆಯೋಕಿಂತ ಮುಂಚೆ ಬರದಿಡ್ತೀನಿ.

ಕಾಗದ ಪತ್ರ

ತಿನ್ನೋ ವಸ್ತು ಅಂದ್ಮ್ಯಾಲ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕೇಬೇಕು. ನಾ ಅರ್ಜಿ ಹಾಕಿದಾಗ ವರ್ಷಕ್ಕ 12 ಲಕ್ಷದ ಒಳಗಿನ ವ್ಯವಹಾರಕ್ಕ ಬರೇ ರಿಜಿಸ್ಟ್ರೇಷನ್ ಸಾಕಿತ್ತು, ಲೈಸೆನ್ಸ್ ಬೇಕಿರ್ಲಿಲ್ಲ, ವರ್ಷಕ್ಕ 100 ರೂಪಾಯಿ ಫೀ. ಫೋಸ್ಕೋಸ್ ಅನ್ನೋ ಸರ್ಕಾರಿ ಪೋರ್ಟಲ್‌ನಾಗ ನಾವೇ ಹಾಕಬಹುದು, 14 ಅಂಕಿ ನಂಬರ್ ಬರ್ತೈತಿ, ಅದು ಪಾಕೀಟಿನ ಮ್ಯಾಲ ಇರಬೇಕು. ಸಣ್ಣ ಉದ್ಯೋಗದೋರಿಗೆ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಆಧಾರ್, ಪ್ಯಾನ್ ಇದ್ರ ಆತು, ಯಾರರ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ.

ಜಿಎಸ್‌ಟಿ ಬಗ್ಗೆ "40 ಲಕ್ಷದ ತನಕ ಚಿಂತಿಲ್ಲ" ಅಂತ ಎಲ್ಲಾರೂ ಹೇಳ್ತಾರ, ಅದು ಅರ್ಧ ಮಾತು. ಸರಕು ಮಾರೋರಿಗೆ ನಮ್ಮ ರಾಜ್ಯದಾಗ ಆ ಮಿತಿ ಖರೇನ, ಆದ್ರ ತೆರಿಗಿ ಇರೋ ಸರಕು ರಾಜ್ಯದ ಗಡಿ ದಾಟಿತಂದ್ರ ಆ ಮಿತಿ ಲೆಕ್ಕಕ್ಕ ಬರಂಗಿಲ್ಲ, ಮೊದಲನೇ ಪಾರ್ಸಲ್‌ಗೇ ನೋಂದಣಿ ಬೇಕು. ಬೆಂಗಳೂರಿನೋರಿಗೆ ಇದು ದೂರದ ಮಾತು ಅನಿಸಬಹುದು, ನಮಗ ಹಂಗಲ್ಲ, ಶಕ್ತಿನಗರದ ಹತ್ರ ಕೃಷ್ಣಾ ಸೇತುವೆ ದಾಟಿದ್ರ ತೆಲಂಗಾಣ, ಬೆಂಗಳೂರಿಗಿಂತ ಹೈದರಾಬಾದೇ ಸನೇದು, ನಮ್ಮ ಬೀಗರು ಬಿಜ್ಜರು ಅರ್ಧಕ್ಕರ್ಧ ಅಲ್ಲೇ ಅದಾರ, ಮೊದಲನೇ ಆರ್ಡರ್ ಅಲ್ಲಿಂದಲೇ ಬರ್ತಾವು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿ ಸೊನ್ನೆ ಆಗೈತಿ, ಹಿಂಡಿಗೆ ಹಂಗಿಲ್ಲ, ತೆರಿಗಿ ಐತಿ. ಅದಕ್ಕ ಸದ್ಯಕ್ಕ ಹಿಂಡಿ ಕರ್ನಾಟಕದೊಳಗ ಅಷ್ಟೇ ಕಳಸ್ತೀವಿ. ದೊಡ್ಡ ಶಾಪಿಂಗ್ ಆ್ಯಪ್‌ಗಳ ಮೂಲಕ ಮಾರೋದಾದ್ರ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣೋರೂ ತಮ್ಮ ರಾಜ್ಯದೊಳಗ ಮಾರಬಹುದು, ಅದಕ್ಕ ಜಿಎಸ್‌ಟಿ ಪೋರ್ಟಲ್‌ನಾಗ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೋಬೇಕು, ಮರೀಬ್ಯಾಡ್ರಿ.

ಈಗ ತೂಕ

ಮೊದಲನೇ ಪಾರ್ಸಲ್‌ಗಳ ಕಥಿ ಹೇಳ್ತೀನಿ. 15 ರೊಟ್ಟಿ, ಡಬ್ಬಿ ಸೇರಿ 700 ಗ್ರಾಂ. ಮನ್ಯಾಗಿನ ತಕ್ಕಡ್ಯಾಗ ಎರಡು ಸಲ ತೂಗಿದ್ದೆ. 1 ಕೆಜಿ ದರ ಅಂತ ಹಿಡದು ಗಿರಾಕಿ ಕಡೆ ಡೆಲಿವರಿ ಚಾರ್ಜ್ ತಗೊಂಡೆ. ಎರಡು ವಾರ ಆದ್ಮ್ಯಾಲ ಕೊರಿಯರ್ ಬುಕ್ ಮಾಡೋ ಆ್ಯಪ್‌ನ ವಾಲೆಟ್‌ನಾಗಿಂದ ರೊಕ್ಕ ಕಟ್ ಆತು, ಒಂದೊಂದು ಪಾರ್ಸಲ್‌ಗೂ 3 ಕೆಜಿ ಲೆಕ್ಕ. ಮೋಸ ಅಂತನೇ ತಿಳ್ಕೊಂಡಿದ್ದೆ, ಫೋನ್ ಹಚ್ಚಿ ಜಗಳಾನೂ ಮಾಡಿದೆ. ಮೋಸ ಅಲ್ಲ, ಅದು ವಾಲ್ಯೂಮೆಟ್ರಿಕ್ ತೂಕ, ಅಂದ್ರ ಡಬ್ಬಿ ಹಿಡಿಯೋ ಜಾಗದ ಲೆಕ್ಕದ ತೂಕ.

ಸೂತ್ರ ಇಷ್ಟೇ: ಡಬ್ಬಿ ಉದ್ದ × ಅಗಲ × ಎತ್ತರ, ಎಲ್ಲಾ ಸೆಂಟಿಮೀಟರ್‌ನಾಗ, ಅದನ್ನ 5000ದಿಂದ ಭಾಗಿಸಬೇಕು, ಬಂದದ್ದು ಕೆಜಿ. ಕೆಲವು ಕಂಪನಿಯೋರು 5000 ಬದಲಿ ಬ್ಯಾರೆ ಅಂಕಿ ಇಟ್ಕೊಂಡಿರ್ತಾರ, ಕೇಳ್ರಿ. ಈ ತೂಕ, ತಕ್ಕಡಿ ತೂಕ ಎರಡರಾಗ ಯಾವುದು ಜಾಸ್ತಿನೋ ಅದಕ್ಕ ಬಿಲ್. ನನ್ನ ಡಬ್ಬಿ 30 × 30 × 15, ಅಂದ್ರ 13,500, ಭಾಗಿಸಿದ್ರ 2.7 ಕೆಜಿ. ಅರ್ಧ ಕೆಜಿ ಲೆಕ್ಕದಾಗ ಮ್ಯಾಲಕ್ಕ ಏರಸ್ತಾರ, ಹಿಂಗಾಗಿ 3 ಕೆಜಿ.

ಅತ್ತಿಯವ್ರು "ಅಲ್ಲವಾ, ಗಾಳಿಗೂ ರೊಕ್ಕ ತಗೋತಾರೇನು?" ಅಂದ್ರು. ಹೌದು ಅತ್ತಿ, ಅದೇ. ನನಗ ಅರ್ಥ ಆದದ್ದು ಲಾರಿ ನೆನಪಾದಾಗ. ಸಂಡೂರು ಕಡೆ ಅದಿರಿನ ಲಾರಿ ನೋಡ್ರಿ, ಬಾಡಿ ತುಂಬೋಕಿಂತ ಮುಂಚೆನೇ ತೂಕ ಮುಗದಿರ್ತೈತಿ. ನಮ್ಮ ರಾಯಚೂರು ಮಾರ್ಕೆಟ್‌ಗೆ ಬರೋ ಹತ್ತಿ ಲಾರಿ ನೋಡ್ರಿ, ಎರಡೂ ಕಡೆ ಹೊಟ್ಟಿ ಬಿಟ್ಕೊಂಡು ರಸ್ತೆ ತುಂಬಾ ಬರ್ತೈತಿ, ತೂಕ ನೋಡಿದ್ರ ಕಮ್ಮಿ. ಲಾರಿಯವನಿಗೆ ಎರಡೂ ಒಂದೇ ಟ್ರಿಪ್ಪು, ಡೀಸೆಲ್ಲಂತೂ ಎರಡಕ್ಕೂ ಬೇಕು. ಹತ್ತಿಗೆ ಬರೇ ತೂಕದ ಮ್ಯಾಲ ಬಾಡಿಗಿ ತಗೊಂಡ್ರ ಅವನಿಗೆ ಏನೂ ಉಳಿಯಂಗಿಲ್ಲ, ಅದಕ್ಕ ಜಾಗದ ಮ್ಯಾಲ ತಗೋತಾನ. ಖಡಕ್ ರೊಟ್ಟಿ ಹತ್ತಿ ಇದ್ದಂಗ, ಹಿಂಡಿ ಅದಿರು ಇದ್ದಂಗ. ಅರ್ಧ ಕೆಜಿ ಹಿಂಡಿ ಪಾಕೀಟು 20 × 15 × 4 ಇದ್ರ ಜಾಗದ ತೂಕ ಬರೇ 240 ಗ್ರಾಂ, ಅಲ್ಲಿ ತಕ್ಕಡಿನೇ ಗೆಲ್ತೈತಿ.

ಸೂತ್ರ ಮರತ್ರ ನನ್ನ ಉಪಾಯ: ಒಂದು ಲೀಟರ್ ಜಾಗ ಅಂದ್ರ 200 ಗ್ರಾಂ. 10 × 10 × 10 ಡಬ್ಬಿ ಅಂದ್ರ 1000 ಘನ ಸೆಂಟಿಮೀಟರ್, ಅದೇ ಒಂದು ಲೀಟರ್, 5000ದಿಂದ ಭಾಗಿಸಿದ್ರ 0.2 ಕೆಜಿ. ಡಬ್ಬಿ ನೋಡಿದ ಕೂಡ್ಲೆ ಇದರಾಗ ಎಷ್ಟು ಲೀಟರ್ ನೀರು ಹಿಡೀತೈತಿ ಅಂತ ಅಂದಾಜು ಹಾಕ್ತೀನಿ, ಐದರಿಂದ ಭಾಗಿಸ್ತೀನಿ. ಹತ್ತು ಲೀಟರ್ ಹಿಡಿಯೋದು ಇದ್ರ 2 ಕೆಜಿ. ಹೆಣ್ಮಕ್ಕಳಿಗೆ ಕೊಡ ಬಕೀಟಿನ ಲೀಟರ್ ಕಣ್ಣಳತಿಯಾಗೇ ಇರ್ತೈತಲ್ಲ, ಕ್ಯಾಲ್ಕುಲೇಟರ್ ಬ್ಯಾಡ.

ಇದು ತಿಳದ ಮ್ಯಾಲ ರೊಟ್ಟಿನೇ ಬದಲಿ ಮಾಡಿದ್ವಿ. ಅತ್ತಿಯವ್ರಿಗೆ ಸಣ್ಣ ರೊಟ್ಟಿ ಬಡಿಯೋದು ಮೊದಲು ಸೇರಲಿಲ್ಲ, ಕೈ ದೊಡ್ಡದಕ್ಕೇ ಪಳಗಿತ್ತು. ಈಗ 17 ಸೆಂಟಿಮೀಟರ್ ರೊಟ್ಟಿ 25, ಡಬ್ಬಿ 20 × 20 × 12. ಲೆಕ್ಕ ಹಾಕ್ರಿ, 4800, ಅಂದ್ರ 0.96, 1 ಕೆಜಿಯೊಳಗ ಬಂತು. ಇನ್ನೊಂದು, ದುಂಡನ ರೊಟ್ಟಿ ಚೌಕ ಡಬ್ಬ್ಯಾಗ ಇಟ್ರ ನಾಲ್ಕು ಮೂಲಿ ಖಾಲಿ ಉಳೀತಾವು, ಅಲ್ಲಿ 50 ಗ್ರಾಂನ ಉದ್ದನ ಹಿಂಡಿ ಪೊಟ್ಟಣ ನಿಲ್ಲಸ್ತೀವಿ, ನಾಲ್ಕು ಹಿಡೀತಾವು, ರೊಟ್ಟಿ ಅಳ್ಳಾಡಿ ಮುರಿಯೋದೂ ಕಮ್ಮಿ ಆತು. ಎಲ್ಲಾ ಸೇರಿ ತಕ್ಕಡಿ ಮ್ಯಾಲ 850 ಗ್ರಾಂ. ಜಾಗ, ತೂಕ ಎರಡೂ ಹತ್ರ ಹತ್ರ ಬಂದ್ವು. ಹಿಂಡಿ ರಾಜ್ಯದ ಹೊರಗ ಕಳಸಂಗಿಲ್ಲಲ್ಲ, ಅದಕ್ಕ ಹೈದರಾಬಾದಿನ ಡಬ್ಬಿಗೆ ಮಾತ್ರ ಮೂಲ್ಯಾಗ ಪೇಪರ್ ಮುದ್ದಿ ತುರಕ್ತೀವಿ.

ಅಳತಿ ಡಬ್ಬಿ ಹೊರಗಿಂದ ತಗೋರಿ, ಒಳಗಿಂದಲ್ಲ. ಟೇಪ್ ಹಚ್ಚಿದ ಮ್ಯಾಲ ಡಬ್ಬಿ ಹೊಟ್ಟಿ ಉಬ್ಬಿತಂದ್ರ ಎತ್ತರಾಗಿದ್ದ ಕಡೆಯಿಂದಲೇ ಅಳೀತಾರ. 12 ಇದ್ದದ್ದು 13 ಆತಂದ್ರ 5200, ಅಂದ್ರ 1.04, ಬಿಲ್ ಒಂದೂವರೆ ಕೆಜಿಗೆ. ಒಂದು ಸೆಂಟಿಮೀಟರ್ ಉಬ್ಬಿಗೆ ಅರ್ಧ ಕೆಜಿ ಬಾಡಿಗಿ, ಅದಕ್ಕ ಕಳಸೋಕಿಂತ ಮುಂಚೆ ಡಬ್ಬಿ ಮ್ಯಾಲ ಸ್ಕೇಲ್ ಅಡ್ಡ ಇಟ್ಟು ನೋಡ್ತೀನಿ. ತಕ್ಕಡಿ ಮ್ಯಾಲಿನ ಒಂದು ಫೋಟೋ, ಅಳತಿ ಟೇಪ್ ಹಿಡದು ಮೂರೂ ಕಡೆಯ ಮೂರು ಫೋಟೋ, ಪಾರ್ಸಲ್ ಲೇಬಲ್ ಕಾಣೋಹಂಗ ತೆಗದಿಡ್ರಿ. ತೂಕ ತಪ್ಪು ಹಾಕಿದ್ರ ತಕರಾರು ಮಾಡಾಕ ಕೆಲವೇ ದಿನ ಇರ್ತಾವು, ಫೋಟೋ ಇಲ್ಲಾಂದ್ರ ಯಾರೂ ಕೇಳಂಗಿಲ್ಲ.

ಲೇಬಲ್, ವಾಪಸ್

ಲೇಬಲ್ ಮ್ಯಾಲ ಪದಾರ್ಥಗಳನ್ನ ಜಾಸ್ತಿ ಇರೋದು ಮೊದಲು ಬರೋಹಂಗ ಬರೀರಿ, ಹಸಿರು ಗುರುತು, ನಿವ್ವಳ ತೂಕ, ಎಂಆರ್‌ಪಿ, ಬ್ಯಾಚ್, ತಯಾರಿಸಿದ ತಾರೀಖು, ಎಲ್ಲಿತನಕ ತಿನ್ನಬಹುದು, ವಿಳಾಸ, ಫೋನ್. ಶೇಂಗಾ ಐತಿ ಅನ್ನೋದನ್ನ ಬ್ಯಾರೆಯಾಗಿ ಬರೀಲೇಬೇಕು, ಅಲರ್ಜಿ ಇದ್ದೋರಿಗೆ ಅದು ಜೀವದ ಪ್ರಶ್ನೆ. ನಮ್ಮ ಬ್ಯಾಸಗಿ ಬಿಸಲಿಗೆ ಶೇಂಗಾ ಹಿಂಡಿ ಬೇಗ ಕಮಟು ಹಿಡೀತೈತಿ, ಏಪ್ರಿಲ್, ಮೇ ತಿಂಗಳದಾಗ ಆರ್ಡರ್ ಬಂದಷ್ಟೇ ಕುಟ್ರಿ.

ಕ್ಯಾಶ್ ಆನ್ ಡೆಲಿವರಿ ಪಾರ್ಸಲ್ ಗಿರಾಕಿ ತಗೊಳ್ಳಲಿಲ್ಲಾಂದ್ರ ವಾಪಸ್ ಬರೋ ಬಾಡಿಗಿನೂ ನಮ್ಮ ಮ್ಯಾಲೇ, ಅದೂ ಇದೇ ಜಾಗದ ತೂಕದ ಲೆಕ್ಕ. ವಾಪಸ್ ಬಂದ ರೊಟ್ಟಿ ಮಾರಾಕ ಬರಂಗಿಲ್ಲ, ಅರ್ಧ ಚೂರಾಗಿರ್ತಾವು. ಅದಕ್ಕ ರೊಟ್ಟಿಗೆ ಕ್ಯಾಶ್ ಆನ್ ಡೆಲಿವರಿ ಇಟ್ಟಿಲ್ಲ. ಯುಪಿಐ ಬಂದ ಮೆಸೇಜ್ ಬ್ಯಾಂಕಿನದೇ ಅಂತ ನೋಡ್ಕೊಂಡ ಮ್ಯಾಲ ಅತ್ತಿಯವ್ರಿಗೆ ಹೇಳ್ತೀನಿ, ಆವಾಗ ಹಂಚು ಒಲಿ ಮ್ಯಾಲ ಏರ್ತೈತಿ.