ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದು ಕಂಪ್ಯೂಟರಿನ ದೋಷವಲ್ಲ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್ ಅಂಗಡಿಯಿಂದಲೋ ಬಿಡಿಭಾಗ ತರಿಸಿ ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವ ಹುಡುಗರು ನಮ್ಮ ಶಿವಮೊಗ್ಗದ ಕಡೆ ಈಗ ಬಹಳ ಮಂದಿ ಇದ್ದಾರೆ. ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ನನಗೆ ಅದು ಸಂತೋಷದ ವಿಷಯ. ಪ್ರೊಸೆಸರ್ ಕೂರಿಸುವುದು, ಥರ್ಮಲ್ ಪೇಸ್ಟ್ ಹಚ್ಚುವುದು, ಬಯೋಸ್‌ನಲ್ಲಿ ರ‍್ಯಾಮ್‌ನ ಪೂರ್ಣ ವೇಗವನ್ನು ಆನ್ ಮಾಡುವುದು, ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸುವುದು, ಇವನ್ನೆಲ್ಲ ಅವರು ವಿಡಿಯೊ ನೋಡಿಯೇ ಚೆನ್ನಾಗಿ ಕಲಿತಿರುತ್ತಾರೆ. ನಾನು ಹೇಳಿಕೊಡಬೇಕಾದ್ದು ಅದರಲ್ಲಿ ಏನೂ ಉಳಿದಿಲ್ಲ. ನನ್ನ ತಾಳ್ಮೆ ಕೆಡಿಸುವುದು ಜೋಡಣೆ ಮುಗಿದ ವಾರದೊಳಗೆ ಬರುವ ಒಂದೇ ಒಂದು ದೂರು: “ಸಾರ್, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ ಹಾಳಾಗಿದೆ, ಬದಲಾಯಿಸಿ ಕೊಡಿ.”

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ, ಸಾಮಾನ್ಯವಾಗಿ ಹಾಳಾಗಿರುವುದಿಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ) ಇರುವುದಿಲ್ಲ. ಇದನ್ನು ಹೇಳಿದ ಕೂಡಲೇ ಬರುವ ಉತ್ತರವೂ ನನಗೆ ಬಾಯಿಪಾಠವಾಗಿದೆ: “ಇಲ್ಲ ಸಾರ್, ನಮ್ಮದು ಮೂರು ಪಿನ್ನಿನ ಸಾಕೆಟ್ಟೇ.” ಮೂರು ತೂತು ಇದ್ದ ಮಾತ್ರಕ್ಕೆ ಮೂರನೆಯದರ ಹಿಂದೆ ತಂತಿ ಇದೆ ಎಂದು ಅರ್ಥವಲ್ಲ. ಹಳೆಯ ಮನೆಗಳಲ್ಲಿ, ಆಮೇಲೆ ಸೇರಿಸಿಕೊಂಡ ಮಹಡಿಯ ಕೋಣೆಗಳಲ್ಲಿ, ಹೊಸದಾಗಿ ಕಟ್ಟಿಸಿದ ಕೆಲವು ಮನೆಗಳಲ್ಲಿ ಕೂಡ ನಾನು ಸ್ವಿಚ್ ಬೋರ್ಡ್ ಬಿಚ್ಚಿಸಿ ನೋಡಿದಾಗ ಮೇಲಿನ ದಪ್ಪ ತೂತಿನ ಹಿಂದಿನ ಸ್ಕ್ರೂ ಖಾಲಿಯಾಗಿಯೇ ಇತ್ತು. ಇನ್ನು ಕೆಲವು ಕಡೆ ಹಸಿರು ತಂತಿ ಮೀಟರ್ ಬೋರ್ಡಿನವರೆಗೆ ಬಂದಿರುತ್ತದೆ, ಅಲ್ಲಿಂದ ನೆಲಕ್ಕೆ ಇಳಿದೇ ಇರುವುದಿಲ್ಲ.

ಆ ಜುಮ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಲ್ಲರೂ ತಪ್ಪುವುದು ಇಲ್ಲಿಯೇ. ಎಸ್‌ಎಂಪಿಎಸ್ ನಮ್ಮ 230 ವೋಲ್ಟಿನ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಬದಲಾಯಿಸುತ್ತದೆ. ಅದಕ್ಕಾಗಿ ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಜೋಡಿಸುವ ಕೆಲಸ ನಡೆಯುತ್ತಿರುತ್ತದೆ. ಇದರಿಂದ ಹುಟ್ಟುವ ವಿದ್ಯುತ್ ಗದ್ದಲ ಮನೆಯ ವೈರಿಂಗಿಗೆ ಹರಿಯದಂತೆ ತಡೆಯಲು, ಕರೆಂಟ್ ಒಳಬರುವ ಜಾಗದಲ್ಲಿ ಒಂದು ಫಿಲ್ಟರ್ ಇಟ್ಟಿರುತ್ತಾರೆ. ಆ ಫಿಲ್ಟರಿನಲ್ಲಿ ವೈ ದರ್ಜೆಯ ಎರಡು ಪುಟ್ಟ ಕೆಪಾಸಿಟರ್‌ಗಳು, ಸಾಮಾನ್ಯವಾಗಿ ನೀಲಿ ಬಿಲ್ಲೆಯಂಥವು, ಇರುತ್ತವೆ. ಒಂದು ಫೇಸ್‌ನಿಂದ (ಕರೆಂಟ್ ತರುವ ತಂತಿಯಿಂದ) ಲೋಹದ ಕವಚಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ (ಕರೆಂಟ್ ಮರಳುವ ತಂತಿಯಿಂದ) ಅದೇ ಕವಚಕ್ಕೆ. ಕವಚ ಅರ್ಥಿಂಗ್ ತಂತಿಗೆ ಸೇರಿದ್ದರೆ ಗದ್ದಲವೆಲ್ಲ ನೆಲಕ್ಕೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಕವಚ ಫೇಸ್ ಮತ್ತು ನ್ಯೂಟ್ರಲ್‌ಗಳ ನಡುವೆ ತೂಗಾಡುತ್ತಾ, 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಕವಚಕ್ಕೆ ಸ್ಕ್ರೂ ಹಾಕಿ ಬಿಗಿದ ಕ್ಯಾಬಿನೆಟ್, ಅದಕ್ಕೆ ಸಿಕ್ಕಿಸಿದ ಯುಎಸ್‌ಬಿ ಕೇಬಲಿನ ಲೋಹ, ಹೆಡ್‌ಫೋನಿನ ಪಿನ್ನು, ಎಲ್ಲವೂ ಅಷ್ಟೇ ವೋಲ್ಟಿನಲ್ಲಿರುತ್ತವೆ.

115 ವೋಲ್ಟ್ ಎಂದ ಕೂಡಲೇ ಗಾಬರಿಯಾಗಬೇಡಿ. ಆ ಕೆಪಾಸಿಟರ್‌ಗಳು ಬಹಳ ಚಿಕ್ಕವಾದ್ದರಿಂದ ಅವುಗಳ ಮೂಲಕ ಹರಿಯಬಲ್ಲ ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ. ಬರಿಗಾಲಿನಲ್ಲಿ ರೆಡ್‌ಆಕ್ಸೈಡ್ ನೆಲದ ಮೇಲೆ ನಿಂತವರಿಗೆ ಚುರುಕ್ ಎನ್ನುತ್ತದೆ, ಚಪ್ಪಲಿ ಹಾಕಿದವರಿಗೆ ಏನೂ ಆಗುವುದಿಲ್ಲ. ಟೆಸ್ಟರ್ ಇಟ್ಟರೆ ದೀಪ ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿ “ಕ್ಯಾಬಿನೆಟ್ಟಿನ ಮೈಗೇ ಫೇಸ್ ಬಂದಿದೆ” ಎಂದು ತೀರ್ಮಾನಿಸುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ. ಆದರೆ ಇಷ್ಟು ಚಿಕ್ಕ ಕರೆಂಟಿಗೂ ಟೆಸ್ಟರ್ ಹೊತ್ತುತ್ತದೆ, ನಿಜವಾದ ಫೇಸಿಗೂ ಹೊತ್ತುತ್ತದೆ. ಎರಡರ ವ್ಯತ್ಯಾಸ ಹೇಳಲು ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದ ನಾನು ಫೋನಿನಲ್ಲಿ ಯಾರಿಗೂ “ಅದು ನಿರಪಾಯ” ಎಂದು ಹೇಳುವುದಿಲ್ಲ. ಪ್ಲಗ್ ತೆಗೆದಿಡಿ, ಸಾಕೆಟ್ ಪರೀಕ್ಷೆ ಮಾಡಿಸಿ ಎಂದಷ್ಟೇ ಹೇಳುತ್ತೇನೆ.

ಈಗ ನನಗೆ ನಿಜವಾಗಿ ಸಿಟ್ಟು ತರಿಸುವ ಸಂಗತಿಗೆ ಬರುತ್ತೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಹುಡುಗನೊಬ್ಬ ವಿಡಿಯೊ ಎಡಿಟಿಂಗಿಗೆಂದು ಒಳ್ಳೆಯ ಯಂತ್ರ ಜೋಡಿಸಿದ್ದ. ಎಸ್‌ಎಂಪಿಎಸ್ ಕೂಡ ಹೆಸರಾಂತ ಕಂಪನಿಯದು, 80 ಪ್ಲಸ್ ಗೋಲ್ಡ್ ದರ್ಜೆಯದು. ಧೂಳು ಒರೆಸಲು ಹೋದ ಅವನ ತಾಯಿಗೆ ಒಮ್ಮೆ ಜುಮ್ ಎಂದಿತು. ಆಕೆ ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಯಾರೋ ಹೇಳಿದರೆಂದು ಹುಡುಗ ಅದನ್ನು ತೆಗೆದು, ಕ್ಯಾಬಿನೆಟ್ ಜೊತೆಗೆ ಪುಕ್ಕಟೆಯಾಗಿ ಬಂದಿದ್ದ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿದ. ಜುಮ್ ಎನ್ನುವುದು ನಿಂತುಹೋಯಿತು. “ನೋಡಿ ಸಾರ್, ದುಬಾರಿಯದೇ ಕೆಟ್ಟದ್ದು” ಎಂದು ನನಗೆ ತೋರಿಸಲು ಎರಡನ್ನೂ ಹೊತ್ತು ತಂದಿದ್ದ.

ಎರಡರ ಮುಚ್ಚಳವನ್ನೂ ಅವನೆದುರೇ ಬಿಚ್ಚಿದೆ. (ಇದನ್ನು ಮನೆಯಲ್ಲಿ ಮಾಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.) ಅಗ್ಗದ್ದರಲ್ಲಿ ಫಿಲ್ಟರ್ ಇರಬೇಕಾದ ಜಾಗ ಖಾಲಿ. ಬೋರ್ಡಿನ ಮೇಲೆ ಭಾಗಗಳ ಹೆಸರು ಅಚ್ಚಾಗಿದೆ, ಭಾಗಗಳಿಲ್ಲ. ನೀಲಿ ಬಿಲ್ಲೆಗಳೇ ಇಲ್ಲದ ಮೇಲೆ ಜುಮ್ ಎನ್ನುವುದಾದರೂ ಹೇಗೆ? ದುಡ್ಡು ಉಳಿಸಲು ಅವರು ಅಲ್ಲಿಗೆ ನಿಲ್ಲಿಸಿರುವುದಿಲ್ಲ. ಅಂಥವುಗಳಲ್ಲಿ ಹೆಚ್ಚಾಗಿ ಓವರ್‌ಲೋಡ್ ರಕ್ಷಣೆ ಇರುವುದಿಲ್ಲ, ತಂತಿ ತೆಳು, ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಸಾಲದು. ಇನ್ಸುಲೇಷನ್ ಸೋತ ದಿನ ಕವಚಕ್ಕೆ ಬರುವುದು ಮಿಲಿಆಂಪಿಯರ್ ಲೆಕ್ಕದ ಜುಮ್ ಅಲ್ಲ, ಪೂರ್ತಿ ಫೇಸ್. ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲದ ಅದೇ ಮನೆಯಲ್ಲಿ, ಅದೇ ತಾಯಿ ಒರೆಸಲು ಬರುತ್ತಾರೆ. ಇದನ್ನು ಹೇಳಿದಾಗ ಹುಡುಗನ ಮುಖ ಸಪ್ಪೆಯಾಯಿತು. ಒಳ್ಳೆಯ ಹುಡುಗ, ಎರಡು ಮಾತು ಹೆಚ್ಚಾಡಿದೆನೇನೋ. ಮುಂದಿನ ವಾರವೇ ಮನೆಗೆ ಅರ್ಥಿಂಗ್ ಗುಂಡಿ ತೋಡಿಸಿದ.

80 ಪ್ಲಸ್ ಎನ್ನುವ ಮುದ್ರೆಯ ಬಗ್ಗೆಯೂ ಇಲ್ಲೇ ಒಂದು ಮಾತು. 2004ರಲ್ಲಿ ಶುರುವಾದ ಈ ಮುದ್ರೆ ಹೇಳುವುದು, ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಶಾಖವಾಗಿ ಹೋಗುತ್ತದೆ ಎನ್ನುವುದನ್ನು ಮುಖ್ಯವಾಗಿ. ಬ್ರಾಂಜ್ ಆಗಲಿ ಗೋಲ್ಡ್ ಆಗಲಿ ಸುರಕ್ಷತೆಯ ಪ್ರಮಾಣಪತ್ರವಲ್ಲ. ಒಳ್ಳೆಯ ತಯಾರಕರು ಎರಡನ್ನೂ ನೋಡಿಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಅರ್ಥಿಂಗ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮಲ್ಟಿಮೀಟರ್ ಬಳಸಲು ಬರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಕಂಪ್ಯೂಟರ್ ಇಡುವ ಸಾಕೆಟ್ಟಿನಲ್ಲಿಯೇ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬಂದರೆ, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಸಾಮಾನ್ಯ. ಆದರೆ ಮೀಟರನ್ನು ಪೂರ್ತಿ ನಂಬಬೇಡಿ. ಎಲ್ಲೋ ಒಂದು ಎಳೆಯಷ್ಟೇ ತಾಗಿರುವ ಅರ್ಥ್ ತಂತಿಗೂ ಅದು 230 ತೋರಿಸಬಲ್ಲದು. ಅನುಭವಿಗಳು ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಹಳೆಯ ಬಲ್ಬ್ ಹಚ್ಚಿ ನೋಡುತ್ತಾರೆ. ಮಂಕಾಗಿ ಉರಿದರೆ ಅರ್ಥಿಂಗ್ ದುರ್ಬಲ. ಇದು ಅವರ ಕೆಲಸ, ನಿಮ್ಮದಲ್ಲ. ಬಲ್ಬ್ ಹಚ್ಚಿದ ಹೊತ್ತಿನಲ್ಲಿ ಅರ್ಥ್ ತಂತಿಯ ಮೂಲಕ ಫ್ರಿಜ್ಜು, ಗೀಸರುಗಳ ಮೈಗೂ ಕರೆಂಟ್ ಬರುವ ಸಾಧ್ಯತೆ ಇರುತ್ತದೆ.

ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿದಾಗ ಒಂದನ್ನು ಮಾತ್ರ ನೀವೇ ಕಣ್ಣಿಟ್ಟು ನೋಡಿ: ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ಗಿಡ್ಡ ತಂತಿ ಹಾಕಿದ್ದಾರೆಯೇ ಎಂದು. ಜುಮ್ ಎನ್ನುವುದನ್ನು ಐದು ನಿಮಿಷದಲ್ಲಿ ನಿಲ್ಲಿಸುವ ಉಪಾಯ ಇದು. ನಿಲ್ಲುವುದೂ ನಿಜ. ಆದರೆ ಎಲ್ಲೋ ಕಂಬದಲ್ಲೋ ಬೋರ್ಡಿನಲ್ಲೋ ನ್ಯೂಟ್ರಲ್ ಕಡಿದುಹೋದರೆ, ಮನೆಯ ದೀಪ ಫ್ಯಾನುಗಳ ಮೂಲಕ ಬಂದ ಫೇಸ್ ನೇರವಾಗಿ ಕ್ಯಾಬಿನೆಟ್ಟಿಗೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು ಅಪರೂಪದ ಘಟನೆಯೇ? ಈ ಕೆಲಸ ಮಾಡುವವರನ್ನು ಕೇಳಿದರೆ “ಎಲ್ಲರ ಮನೆಯಲ್ಲೂ ಹೀಗೇ ಮಾಡಿದ್ದೇನೆ ಮಾರಾಯರೇ, ಏನೂ ಆಗಿಲ್ಲ” ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ.

ಅರ್ಥ್ ಪಿನ್ ಕತ್ತರಿಸಿ ಎರಡು ಪಿನ್ನಿನ ಎಕ್ಸ್‌ಟೆನ್ಶನ್ನಿಗೆ ಹಾಕುವವರ ಬಗ್ಗೆ ಏನು ಹೇಳುವುದು! ಆ ಪಿನ್ ಉಳಿದೆರಡಕ್ಕಿಂತ ಉದ್ದವಾಗಿ, ದಪ್ಪವಾಗಿ ಇರುವುದೇ ಪ್ಲಗ್ ಹಾಕುವಾಗ ಎಲ್ಲಕ್ಕೂ ಮೊದಲು ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಎಂದು. ಒಂದೇ ಸ್ಪೈಕ್ ಬೋರ್ಡಿಗೆ ಕಂಪ್ಯೂಟರ್, ಮಾನಿಟರ್, ಪ್ರಿಂಟರ್ ಮೂರನ್ನೂ ಹಾಕಿ ಅದರ ಅರ್ಥಿಂಗ್ ತಪ್ಪಿಸಿದರೆ ಮೂರರ ಸೋರಿಕೆಯೂ ಒಟ್ಟಾಗಿ ಜುಮ್ ಹೆಚ್ಚಾಗುತ್ತದೆ. ಇಂಥ ಕಂಪ್ಯೂಟರಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಸಣ್ಣ ಕಿಡಿ ಹಾರಿ ಎಚ್‌ಡಿಎಂಐ ಪೋರ್ಟ್ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಗ್ರಾಫಿಕ್ಸ್ ಕಾರ್ಡಿನ ವಾರಂಟಿಯಲ್ಲಿ ಸುಟ್ಟ ಭಾಗಕ್ಕೆ ಪರಿಹಾರ ಸಿಗುವುದು ಕಷ್ಟ. ಸ್ಪೈಕ್ ಬೋರ್ಡಿನ ಒಳಗಿರುವ ರಕ್ಷಣೆಗೂ ಅರ್ಥಿಂಗ್ ಬೇಕು. ಗುಡುಗು ಮಿಂಚಿನ ಸಮಯದಲ್ಲಿ ಬರುವ ಹೆಚ್ಚುವರಿ ವೋಲ್ಟನ್ನು ಅದು ನೆಲಕ್ಕೆ ತಳ್ಳಬೇಕಾದಾಗ ದಾರಿಯೇ ಇಲ್ಲದಿದ್ದರೆ ಬೋರ್ಡಿನ ಮೇಲಿನ ಕೆಂಪು ದೀಪದಿಂದ ಏನು ಪ್ರಯೋಜನ? (ಅರ್ಥಿಂಗ್ ಇದ್ದರೂ ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡುವುದೇ ಸರಿ. ಕಂಬದಿಂದ ಕಂಬಕ್ಕೆ ಹಾದು ಬರುವ ತಾಮ್ರದ ಬ್ರಾಡ್‌ಬ್ಯಾಂಡ್ ಕೇಬಲನ್ನೂ ಕೀಳಬೇಕು. ಅದನ್ನು ಬಹಳ ಮಂದಿ ಮರೆಯುತ್ತಾರೆ.)

ಜೋಡಿಸುವಾಗಿನ ಒಂದು ಪ್ರಸಿದ್ಧ ಸಲಹೆಯೂ ಇದೇ ಅರ್ಥಿಂಗನ್ನು ನಂಬಿಕೊಂಡಿದೆ. ಸ್ಥಿರ ವಿದ್ಯುತ್ತಿನಿಂದ ಚಿಪ್ ಹಾಳಾಗದಿರಲು ಎಸ್‌ಎಂಪಿಎಸ್ ಪ್ಲಗ್ ಹಾಕಿ, ಅದರ ಹಿಂದಿನ ಸ್ವಿಚ್ ಆಫ್ ಮಾಡಿ, ಆಗಾಗ ಕ್ಯಾಬಿನೆಟ್ ಮುಟ್ಟುತ್ತಿರಿ ಎಂದು ವಿದೇಶದ ವಿಡಿಯೊಗಳು ಹೇಳುತ್ತವೆ. ಅರ್ಥಿಂಗ್ ಸರಿಯಿರುವ ಮನೆಯಲ್ಲಿ ಅದು ಒಳ್ಳೆಯ ಸಲಹೆ. ನಮ್ಮ ಮನೆಗಳಲ್ಲಿ ಪರೀಕ್ಷೆ ಮಾಡಿಸದೆ ಹಾಗೆ ಮಾಡಬೇಡಿ. ಪ್ಲಗ್ ಕಿತ್ತಿಟ್ಟು, ಭಾಗಗಳನ್ನು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಂಡರೆ ಸಾಮಾನ್ಯವಾಗಿ ಸಾಕು.

ಹೊಸದಾಗಿ ಅರ್ಥಿಂಗ್ ಮಾಡಿಸುವವರು ನಲ್ಲಿಯ ಪೈಪಿಗೆ ತಂತಿ ಸುತ್ತಿಸಿ ಕೈ ತೊಳೆದುಕೊಳ್ಳಬಾರದು. ಈಗಿನ ಪೈಪುಗಳು ಪ್ಲಾಸ್ಟಿಕ್ಕಿನವು. ಲೋಹದ್ದಿದ್ದರೂ ಅದನ್ನು ಸ್ನಾನದ ಮನೆಯಲ್ಲಿ ಮುಟ್ಟುವವರಿದ್ದಾರೆ. ಮನೆಯ ಹೊರಗೆ ಗುಂಡಿ ತೋಡಿ, ಜಿಐ ಪೈಪನ್ನೋ ತಾಮ್ರದ ತಗಡನ್ನೋ ಇದ್ದಿಲು ಉಪ್ಪಿನೊಂದಿಗೆ ಹೂಳಿಸಿ, ಅಲ್ಲಿಂದ ಮೀಟರ್ ಬೋರ್ಡಿಗೆ ತುಂಡಾಗದ ಒಂದೇ ತಂತಿ ಎಳೆಸಿ. ಬೇಸಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು, ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಹೀರುವುದಿಲ್ಲ. ಗುಂಡಿಯ ಅರ್ಥಿಂಗ್ ಒಂದನ್ನೇ ನೆಚ್ಚಿಕೊಂಡರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುವಷ್ಟು ಕರೆಂಟ್ ಹರಿಯದೆಯೂ ಇರಬಹುದು. ಆದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ (ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಅದೇ ದಿನ ಹಾಕಿಸಿಬಿಡಿ.

ಹಾಕಿಸಿದ ಮಾರನೆಯ ದಿನ ಕೆಲವರಿಂದ ಮತ್ತೆ ಫೋನ್ ಬರುತ್ತದೆ: ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆ, ಅರ್ಥಿಂಗ್ ತೆಗೆಸಿಬಿಡಲೇ ಎಂದು. ತೆಗೆಸಬೇಡಿ. ಎಲ್ಲ ಪ್ಲಗ್‌ಗಳನ್ನೂ ಕಿತ್ತು, ಆರ್‌ಸಿಸಿಬಿ ಎತ್ತಿ, ಒಂದೊಂದಾಗಿ ಹಾಕುತ್ತಾ ಬನ್ನಿ. ಕಂಪ್ಯೂಟರ್ ಹಾಕಿದಾಗ ಬೀಳುವುದು ಕಡಿಮೆ. ಒಂದು ಮಿಲಿಆಂಪಿಯರಿನ ಸೋರಿಕೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಗೀಸರ್, ಹಳೆಯ ಗ್ರೈಂಡರ್, ಬಾವಿಯ ಪಂಪಿನ ಮೋಟಾರ್, ಇವುಗಳಲ್ಲಿ ಒಂದು ಸಿಕ್ಕಿಬೀಳುತ್ತದೆ. ಏನನ್ನೂ ಹಾಕದೆಯೇ ಬಿದ್ದರೆ ತೊಂದರೆ ವೈರಿಂಗಿನಲ್ಲಿದೆ, ಎಲೆಕ್ಟ್ರಿಷಿಯನ್ನನ್ನೇ ಮತ್ತೆ ಕರೆಸಬೇಕು. ದೋಷ ಸಿಗುವವರೆಗೆ ಎಸ್‌ಎಂಪಿಎಸ್ ಹೊತ್ತುಕೊಂಡು ನನ್ನ ಅಂಗಡಿಗೆ ಬರಬೇಕಾಗಿಲ್ಲ.